ಸಮ್ಮೇಳನದಲ್ಲಿ ಗುರುಸಿದ್ದವ್ವ ಹೂಂಗುಟ್ಟಿದ್ದು

ಈ ಕತೆಯನ್ನು ಮೊದಲು ಹೇಳಿದವನು ತಿಕೋಟಾದ ಮೈಕ್ ಸೆಟ್ಟಿನ ಗುರಣ್ಣ. ಹೇಳಿದ್ದು ಕಳೆದ ಫಾಲ್ಗುಣದಲ್ಲಿ, ಹೋಳಿ ಹುಣ್ಣಿಮೆಗೆ ಇನ್ನೂ ಕೆಲವು ದಿನಗಳಿರುವಾಗ, ಹೊನವಾಡ ರಸ್ತೆಯ ಒಣದ್ರಾಕ್ಷಿ ಶೆಡ್ಡೊಂದರ ಮುಂದೆ, ಬಿಸಿಲು ತಣ್ಣಗಾದ ಹೊತ್ತಿನಲ್ಲಿ. ಕೇಳಲು ಕುಳಿತವರೆಲ್ಲ ಹಗಲಿಡೀ ದ್ರಾಕ್ಷಿ ಆರಿಸಿ ಬೆರಳು ಅಂಟಾಗಿದ್ದವರು. ಹೂಂಗುಟ್ಟುವ ಹೊಣೆ ಟೆಂಪೋ ಓಡಿಸುವ ಶಿವಾಜಿಯದು. ಈ ಸೀಮೆಯಲ್ಲಿ ಕತೆಗೆ ಇಬ್ಬರು ಬೇಕು: ಹೇಳುವವನೊಬ್ಬ, ಮಾತು ಮಾತಿಗೆ ‘ಹೂಂ’ ಎನ್ನುವವನೊಬ್ಬ. ಹೂಂ ನಿಂತರೆ ಕತೆಯೂ ನಿಂತಲ್ಲೇ ನಿಲ್ಲುತ್ತದೆ. ರಾಜಕುಮಾರ ಬಾವಿಯೊಳಗೆ ಜೋತುಬಿದ್ದಿದ್ದರೂ ಸರಿಯೇ, ಮೇಲಿನಿಂದ ಹೂಂ ಬರುವ ತನಕ ಅವನು ಜೋತಾಡುತ್ತಲೇ ಇರಬೇಕು.

ಇದೇ ಕತೆ ಬಬಲೇಶ್ವರದಲ್ಲೂ ಜೈನಾಪುರದಲ್ಲೂ ಬೇರೆ ಬಾಯಿಗಳಿಂದ ಕೇಳಿಬರುತ್ತದೆ; ವಿವರಗಳು ಅಲ್ಲಲ್ಲಿ ಬದಲಾಗುತ್ತವೆ. ಗುರಣ್ಣ ಸಮ್ಮೇಳನದ ದಿನ ಮೈಕ್ ಹಚ್ಚಿಕೊಂಡು ಸಭಾಭವನದೊಳಗೇ ಇದ್ದವನಾದ್ದರಿಂದ ಇಲ್ಲಿ ಅವನ ಪಾಠವನ್ನೇ ಹಿಡಿದಿದೆ. ಕತೆಯ ನಾಯಕಿ ಶಾಂಭವಿಯ ಮನಸ್ಸಿನೊಳಗೆ ನಡೆದದ್ದು ನಿನಗೆ ಹೇಗೆ ಗೊತ್ತು ಎಂದು ಕೇಳಿದವರಿಗೆ ಅವನ ಉತ್ತರ: “ಆಕಿನs ಹೇಳ್ಯಾಳ. ನಾ ಹೂಂ ಅಂದೇನಿ.”

ಶಾಂಭವಿ ಬಬಲೇಶ್ವರದ ಸೊಸೆ, ಕೆಲಸ ತಿಕೋಟಾದಲ್ಲಿ. ಅಲ್ಲಿ ಬಸ್ ನಿಲ್ದಾಣದ ಹಿಂದಿನ ಎರಡು ಕೋಣೆಗಳಲ್ಲಿ ಒಂದು ಕೇಂದ್ರವಿದೆ. ಮಾತು ಬಾರದ, ಕಣ್ಣಿಗೆ ಕಣ್ಣು ಕೂಡಿಸದ, ಹಟ ಹಿಡಿದರೆ ನೆಲ ಬಿಟ್ಟೇಳದ ಮಕ್ಕಳನ್ನು ಸುತ್ತಲಿನ ಹಳ್ಳಿಗಳಿಂದ ತಾಯಂದಿರು ಬಸ್ಸಿನಲ್ಲಿ ಕರೆತರುತ್ತಾರೆ. ಅವರಿಗೆ ಶಾಂಭವಿ ಕಲಿಸುವ ಬಗೆಗೆ ಅನ್ವಯಿಕ ವರ್ತನಾ ವಿಶ್ಲೇಷಣೆ ಎಂಬ ಭಾರವಾದ ಹೆಸರು. ಹೆಸರಿನಷ್ಟು ತಿರುಳು ಭಾರವಲ್ಲ. ಒಂದು ನಡತೆಯ ಬೆನ್ನಿಗೇ ಬೇಕಾದದ್ದು ಸಿಕ್ಕರೆ ಆ ನಡತೆ ಚಿಗುರುತ್ತದೆ; ಸಿಗದೆ ಹೋದರೆ ಬಾಡುತ್ತದೆ; ಬಾಡುವ ಮುನ್ನ ಒಮ್ಮೆ ಭುಗಿಲೆದ್ದು ಉರಿಯುತ್ತದೆ. ಅಂಗಡಿಯ ಮುಂದೆ ಪೆಪ್ಪರಮಿಂಟಿಗೆ ಅಳುವ ಕೂಸನ್ನು ಕಂಡವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಕೇಂದ್ರದ ಮೇಲ್ವಿಚಾರಣೆ ಬೆಳಗಾವಿಯ ಡಾಕ್ಟರ್ ಆರತಿಯವರದು. ಯುಗಾದಿಯ ನಂತರ ಅವರು ಬೇರೆ ಊರಿಗೆ ಹೋಗುವವರಿದ್ದರು. ಅಷ್ಟರೊಳಗೆ ಶಾಂಭವಿ ಕೇಂದ್ರವನ್ನು ಒಬ್ಬಳೇ ನಡೆಸಬಲ್ಲಳೆಂದು ಅವರು ಒಪ್ಪಬೇಕು. ಒಪ್ಪದಿದ್ದರೆ ತಿಕೋಟಾದ ಕೋಣೆಗಳಿಗೆ ಬೀಗ, ಮಕ್ಕಳೆಲ್ಲ ವಿಜಯಪುರಕ್ಕೆ. ಹೊನವಾಡದಿಂದ ಬರುವ ತಾಯಿಗೆ ತಿಕೋಟಾ ಎಂದರೆ ಅರ್ಧ ಹೊತ್ತಿನ ಮಾತು, ವಿಜಯಪುರವೆಂದರೆ ಒಂದಿಡೀ ದಿನದ ಕೂಲಿ. ಅಂಥವರು ನಾಲ್ಕು ವಾರ ಬಂದು ಐದನೆಯ ವಾರ ಬರಲಾರರೆಂಬುದು ಶಾಂಭವಿಗೆ ಗೊತ್ತಿತ್ತು. ಒಪ್ಪಿಗೆಗೆ ಆರತಿಯವರು ಇಟ್ಟ ಷರತ್ತು ಒಂದೇ: ವಿಜಯಪುರದಲ್ಲಿ ನಡೆಯುವ ಪ್ರಾದೇಶಿಕ ಸಮ್ಮೇಳನದಲ್ಲಿ, ತಮ್ಮ ಕಣ್ಣೆದುರಿಗೆ, ಓರಗೆಯ ತಜ್ಞರ ಮುಂದೆ, ಶಾಂಭವಿ ಒಂದು ಮಗುವಿನ ಕಲಿಕೆಯನ್ನು ಮಂಡಿಸಿ ತೋರಿಸಬೇಕು.

ಸಮ್ಮೇಳನ ಎಳ್ಳಮಾವಾಸ್ಯೆ ಕಳೆದ ರವಿವಾರ. ಕಲಬುರಗಿ, ಬಾಗಲಕೋಟೆ, ಹುಬ್ಬಳ್ಳಿ, ಸೊಲ್ಲಾಪುರಗಳಿಂದ ವರ್ತನಾ ತಜ್ಞರು ಬಂದು ಜಲನಗರದ ಕಡೆಯ ಒಂದು ಹೊಸ ಸಭಾಭವನದಲ್ಲಿ ನೆರೆದರು. ಭವನವನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟವರು ಒಣದ್ರಾಕ್ಷಿ ವ್ಯಾಪಾರಿ ಸಂಗನಬಸವ ಸಾವಕಾರರು. ಮಧ್ಯಾಹ್ನದ ಊಟವೂ ಅವರದೇ: ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ, ಮಾದಲಿ. ಅಷ್ಟು ಸಾಲದೆಂಬಂತೆ ಬಂದ ಪ್ರತಿಯೊಬ್ಬರ ಕೈಗೂ ಒಂದೊಂದು ಪೊಟ್ಟಣ ಒಣದ್ರಾಕ್ಷಿ. ಇಷ್ಟಕ್ಕೆ ಪ್ರತಿಯಾಗಿ ಅವರು ಬಯಸಿದ್ದು ಒಂದು ಶಾಲು, ಒಂದು ಹಾರ, ಮತ್ತು ‘ಎರಡು ಮಾತು’ ಆಡಲು ಅವಕಾಶ. ಶಾಲು ಜೈನಾಪುರದ ಪಾಠದಲ್ಲಿ ಹಸಿರು, ಗುರಣ್ಣನ ಪಾಠದಲ್ಲಿ ಕೇಸರಿ. ಎರಡು ಮಾತಿನ ವಿಷಯದಲ್ಲಿ ಎಲ್ಲ ಪಾಠಗಳಿಗೂ ಸಹಮತವಿದೆ.

ಸಾವಕಾರರು ಬೆಳಿಗ್ಗೆಯ ಉದ್ಘಾಟನೆಗೆ ಬರಲಿಲ್ಲ. ಬಂದದ್ದು ಮೂರು ಗಂಟೆಗೆ, ಶಾಂಭವಿ ವೇದಿಕೆಯ ಮೇಲೆ ಲ್ಯಾಪ್‌ಟಾಪಿನ ತಂತಿ ಸಿಕ್ಕಿಸುತ್ತಿದ್ದಾಗ. ಆರತಿಯವರನ್ನು ಸೊಲ್ಲಾಪುರದ ರೈಲಿಗೆ ಮುಟ್ಟಿಸಬೇಕಾದ ಕಾರು ನಾಲ್ಕಕ್ಕೆ ಹೊರಡುವುದೆಂದು ಮೊದಲೇ ಗೊತ್ತಾಗಿತ್ತು. ಸಮ್ಮೇಳನದ ಉಸ್ತುವಾರಿ ಹೊತ್ತ ನಿರ್ಮಲಾ ಓಡಿಬಂದು ಶಾಂಭವಿಯ ಕಿವಿಯಲ್ಲಿ ಹೇಳಿದಳು:

“ಸ್ವಲ್ಪ ಇಳೀಬೇ ತಾಯಿ. ಸಾವಕಾರ್ರು ಬಂದಾರ. ಎರಡ ಮಾತು ಅಂದಾರ.”

“ಎರಡs?”

“ಅವ್ರ ಬಾಯಾಗಿಂದ ಕೇಳೇನಿ. ಎರಡs ಅಂದ್ರು.”

ಶಾಂಭವಿ ಇಳಿದು ಬಂದು ಮೂರನೆಯ ಸಾಲಿನಲ್ಲಿ ಕುಳಿತಳು. ಮೊದಲ ಸಾಲಿನಲ್ಲಿ, ವಯಸ್ಸಿಗೆ ಕೊಡುವ ಮರ್ಯಾದೆಯ ಕುರ್ಚಿಯಲ್ಲಿ, ಅವಳ ಅತ್ತೆ ಗುರುಸಿದ್ದವ್ವ ಇಳಕಲ್ ಸೀರೆಯ ಸೆರಗು ಹೊದ್ದು ಕುಳಿತಿದ್ದಳು. ಶಾಂಭವಿ ಮಂಡಿಸಬೇಕಾದ ಸಂಗತಿಯಲ್ಲಿ ಅತ್ತೆಗೂ ಪಾತ್ರವಿದ್ದುದರಿಂದ, ಆಕೆಯನ್ನೂ ನೋಡಬೇಕೆಂದು ಆರತಿಯವರೇ ಕರೆಸಿದ್ದರು.

ಸಾವಕಾರರ ಮೊದಲ ಮಾತು ಭವನಕ್ಕೆ ಅಡಿಗಲ್ಲು ಹಾಕಿದ ಬಗೆಗಿತ್ತು. ಅಡಿಗಲ್ಲು ಮುಗಿಯುವಷ್ಟರಲ್ಲಿ ಮೂರೂ ಕಾಲು. ಎರಡನೆಯ ಮಾತು ಕಿಟಕಿಗಳ ಬಗೆಗೆ. ಕಿಟಕಿಗಳು ಬಹಳವಿದ್ದವು.

ನಿರ್ಮಲಾ ಹಿಂದೆ ಸರಿದು ಗುರಣ್ಣನ ಬಳಿ ಹೋದಳು. “ಗುರಣ್ಣ, ನಿನ್ನ ಮೈಕಿಗೆ ಏನರೆ ರೋಗ ಬರಲಿ.”

“ನನ್ನ ಸೆಟ್ಟಿಗೆ ಯಾವತ್ತೂ ರೋಗ ಬಂದಿಲ್ರಿ ಅಕ್ಕಾ.”

“ಇವತ್ತೊಂದಿನ ಬರಲಿ ಮಾರಾಯಾ.”

ಗುರಣ್ಣ ಹಲ್ಲು ಕಚ್ಚಿ ಗುಂಡಿ ಒತ್ತಿದ. ದನಿ ನಿಂತಿತು, ಮಾತು ನಿಲ್ಲಲಿಲ್ಲ. “ಮೈಕ್ ಹೋದ್ರ ಹೋಗ್ಲಿ ಬಿಡ್ರಿ,” ಎಂದರು ಸಾವಕಾರರು ಉಲ್ಲಾಸದಿಂದ, “ಸಂತ್ಯಾಗ ನಿಂತು ಈ ದಂಡಿಯಿಂದ ಆ ದಂಡಿಗೆ ಮಾತಾಡಿದ ಗಂಟಲ ಐತಿ ನಂದು. ಹಿಂದ ಕುಂತಾವ್ರು ಮುಂದ ಬರ್ರಿ!” ಹಿಂದೆ ಕುಳಿತು ತೂಕಡಿಸುತ್ತಿದ್ದವರು ಎದ್ದು ಮುಂದೆ ಬಂದರು. ಸಭೆ ತಮ್ಮತ್ತ ಸರಿದು ಬಂದದ್ದನ್ನು ಕಂಡು ಸಾವಕಾರರ ಮುಖ ಅರಳಿತು. ಗುರಣ್ಣ ತನ್ನ ಸೆಟ್ಟಿನ ಮರ್ಯಾದೆಗಾಗಿ ಮೈಕನ್ನು ಮತ್ತೆ ಎಬ್ಬಿಸಿದ.

ಆಗ ನಿರ್ಮಲಾ ತಜ್ಞರಿಗೊಪ್ಪುವ ದಾರಿ ಹಿಡಿದಳು. ಸಾಲಿನಿಂದ ಸಾಲಿಗೆ ಪಿಸುಮಾತು ದಾಟಿತು: ಯಾರೂ ಚಪ್ಪಾಳೆ ತಟ್ಟಬಾರದು, ತಲೆಯಾಡಿಸಬಾರದು, ನಗಬಾರದು, ಕಣ್ಣು ಕೂಡಿಸಬಾರದು. ಬೆನ್ನಿಗೆ ಏನೂ ಸಿಗದ ಮಾತು ಬಾಡಲೇಬೇಕು. ಬೇರೆ ಯಾವ ಸಭೆಯಲ್ಲೂ ಇಂಥ ಸೂಚನೆಯನ್ನು ಇಷ್ಟು ಒಮ್ಮನಸ್ಸಿನಿಂದ ಪಾಲಿಸುತ್ತಿರಲಿಲ್ಲ. ಭವನದ ತುಂಬ ಜನ ಒಮ್ಮೆಗೇ ಕಲ್ಲಾದರು. ಕಲಬುರಗಿಯ ಒಬ್ಬರು ಊಟದ ಕೂಪನ್ನಿನ ಹಿಂದೆ ಸಾವಕಾರರ ಮಾತಿನ ಏರಿಳಿತವನ್ನು ಗೆರೆ ಎಳೆದು ಗುರುತಿಸತೊಡಗಿದರು.

ಸಾವಕಾರರಿಗೆ ಏನೋ ತಪ್ಪಿದ್ದು ತಿಳಿಯಿತು. ಒಂದು ಹಾಸ್ಯ ಹೇಳಿದರು, ಯಾರೂ ನಗಲಿಲ್ಲ. ಅದನ್ನೇ ಗಟ್ಟಿಯಾಗಿ ಇನ್ನೊಮ್ಮೆ ಹೇಳಿದರು. ಮೇಜು ಗುದ್ದಿದರು. ಎದೆ ತಟ್ಟಿಕೊಂಡರು. ಶಾಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಎಸೆದರು. ತಜ್ಞರ ಕಣ್ಣುಗಳಲ್ಲಿ ಬೆಳಕು ಮೂಡಿತು.

“ಭುಗಿಲೆದ್ದದ ನೋಡು,” ಎಂದಳು ನಿರ್ಮಲಾ, ತುಟಿ ಅಲುಗಿಸದೆ. “ಪುಸ್ತಕದಾಗ ಬರದಂಗ ಅದ. ಇನ್ನ ಇಳಿಯೂದs.”

ಆದರೆ ಇಳಿಯಲಿಲ್ಲ. ಸಾವಕಾರರ ದನಿ ಒಮ್ಮೆ ತಗ್ಗಿ, ಇನ್ನೇನು ಆರಿತು ಎನ್ನುವಾಗ, ಎಣ್ಣೆ ಬಿದ್ದಂತೆ ಮತ್ತೆ ಏಳುತ್ತಿತ್ತು. ಹೀಗೆ ಹಲವು ಸಲ. ಕಲಬುರಗಿಯವರ ಗೆರೆ ಕೂಪನ್ನಿನ ಅಂಚು ದಾಟಿ ಹೋಯಿತು. ಬಾಡಬೇಕಾದ ಬಳ್ಳಿಗೆ ಯಾರೋ ಗುಟ್ಟಾಗಿ ನೀರು ಹನಿಸುತ್ತಿದ್ದಾರೆಂದು ಶಾಂಭವಿಗೆ ಅನಿಸಿ, ಕಿವಿ ಚುರುಕು ಮಾಡಿ ಕೇಳಿದಳು.

“...ಹಿಂಗ ಮ್ಯಾಲಿನ ಮಜಲಿ ಎಬ್ಬಿಸಿದ್ವಿ.”

“ಹೂಂ.”

“ಎಬ್ಬಿಸಿದ್ವಿ ಅಂದ್ರ ಸುಮ್ಮನ ಅಲ್ರಿ!”

“ಹೂಂ ಹೂಂ.”

ಮೊದಲ ಸಾಲಿನಿಂದ, ಸೆರಗಿನ ಮರೆಯಿಂದ, ಹದವಾದ, ತುಂಬಿದ, ಎಲ್ಲೂ ತಪ್ಪದ ಹೂಂ. ಶಾಂಭವಿಗೆ ಭೂಮಿ ಬಾಯಿ ಬಿಡಬಾರದೆ ಎನಿಸಿತು. ಗುರುಸಿದ್ದವ್ವನ ತವರು ಕಾಖಂಡಕಿ. ಅಲ್ಲಿ ಕಲಿತ ಆಕೆಗೆ ಕತೆ ಹೇಳುವುದೂ ಬರುತ್ತಿತ್ತು, ಕೇಳುವುದೂ ಬರುತ್ತಿತ್ತು. ಕೇಳುವುದನ್ನು ಆಕೆ ದೊಡ್ಡ ವಿದ್ಯೆಯೆಂದು ಎಣಿಸಿದ್ದಳು. ಬಾಯಿಬಿಟ್ಟವರ ಮಾತನ್ನು ಹೂಂ ಇಲ್ಲದೆ ಬಿಡುವುದು, ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸಿದ ಹಾಗೆ.

ಶಾಂಭವಿ ಬೆನ್ನು ಬಾಗಿಸಿಕೊಂಡು ಅತ್ತೆಯ ಕುರ್ಚಿಯ ಬಳಿ ಹೋಗಿ ಕುಕ್ಕರಗಾಲಿನಲ್ಲಿ ಕುಳಿತಳು.

“ಅತ್ತೀ, ಹೂಂ ಅನಬ್ಯಾಡ್ರಿ.”

“ಯಾಕ? ಎಲ್ಲಾರೂ ಗ್ವಾಡಿಯಂಗ ಕುಂತೀರಿ. ಪಾಪ, ಆ ಮನಶ್ಯಾನ ಮಾತು ನೆಲಕ್ಕ ಬೀಳಾಕತ್ತಾವ.”

“ಬೀಳಲಿ ಬಿಡ್ರಿ. ಬೀಳಲಿ ಅಂತನs ಕುಂತೇವಿ.”

“ಏ ಹುಚ್ಚಿ! ಉಂಡ ಮನಿಯಾಂವಂಗ ಹೂಂ ಅನಬ್ಯಾಡ ಅಂತಿಯಲ್ಲ? ಇದನs ಏನು ನಿನಗ ಸಾಲ್ಯಾಗ ಕಲಿಸ್ಯಾರ?”

“ಹಂಗಲ್ರಿ. ನಾಕಕ್ಕ ಮೇಡಂ ಹೊಂಟಬಿಡ್ತಾರ. ನಾ ಮಾತಾಡೂದೈತಿ. ತಿಕೋಟಾದ ಖೋಲಿ ಹೋಗ್ತಾವ್ರಿ ಅತ್ತಿ.”

ಗುರುಸಿದ್ದವ್ವನ ಕಣ್ಣು ಸೊಸೆಯ ಮುಖದ ಮೇಲೆ ನಿಂತಿತು. ಆ ಕೋಣೆಗಳು ಆಕೆಗೂ ಬೇಕಾದವೇ. ಆದರೂ ಹೂಂ ಪೂರ್ತಿ ನಿಲ್ಲಿಸಲು ನಾಲಿಗೆ ಒಪ್ಪದು. ಶಾಂಭವಿ ಥಟ್ಟನೆ ಒಂದು ಒಪ್ಪಂದ ಹೂಡಿದಳು. ತರಬೇತಿಯಲ್ಲಿ ಕಲಿತದ್ದೇ ಅದು: ಬೇಡದ ನಡತೆಗೆ ಏನೂ ಕೊಡಬೇಡ, ಬೇಕಾದ ನಡತೆ ತಲೆಯೆತ್ತಿದ ಕೂಡಲೇ ಧಾರಾಳವಾಗಿ ಕೊಡು.

“ಒಂದ ಕೆಲಸ ಮಾಡ್ರಿ. ಅವ್ರು ‘ಕೊನೇದಾಗಿ’ ಅಂದಾಗಷ್ಟ ಹೂಂ ಅನ್ರಿ. ಉಳಿದದ್ದಕ್ಕ ಬ್ಯಾಡ.”

“ಇದ್ಯಾವ ನಮೂನಿ ವ್ರತಾನೋ ಏನೋ,” ಎಂದರೂ ಗುರುಸಿದ್ದವ್ವ ಸೆರಗು ಸರಿಪಡಿಸಿಕೊಂಡು ಒಪ್ಪಿದಳು.

ಮೊದಲ ಸಾಲಿನ ಹೂಂ ನಿಂತಿತು. ಸಾವಕಾರರು ಅತ್ತ ಒಮ್ಮೆ, ಇತ್ತ ಒಮ್ಮೆ ನೋಡಿದರು. ಮಾತಿಗೆ ಮಾತು ಹತ್ತಲಿಲ್ಲ. ನೀರು ಕುಡಿದರು. “ಹಾಂ... ಕೊನೇದಾಗಿ—”

“ಹೂಂಂಂ!”

ತಡೆಹಿಡಿದ ಹೂಂಗಳೆಲ್ಲ ಒಟ್ಟಾಗಿ ಹೊರಟಂತಿತ್ತು. ಸಾವಕಾರರ ಮುಖದಲ್ಲಿ ಸೂರ್ಯ ಹುಟ್ಟಿದ. ಶಾಂಭವಿ ಉಸಿರು ಬಿಟ್ಟು ಲ್ಯಾಪ್‌ಟಾಪಿನತ್ತ ನೋಡಿದಳು.

“ಕೊನೇದಾಗಿ, ನಮ್ಮಪ್ಪ ತೋಡಿಸಿದ ಬಾಂವಿ ಬಗ್ಗೆ ಹೇಳಬೇಕು.” ಬಾವಿಯ ಬಗೆಗೆ ಹೇಳಿದರು. ಯಾರೂ ಅಲುಗಲಿಲ್ಲ. “ಇನ್ನ ಕೊನೇದಾಗಿ—”

“ಹೂಂ!”

“—ಆ ಬಾಂವಿ ನೀರು ಕುಡದ ಎತ್ತಿನ ಬಗ್ಗೆ. ಕೊನೇದಾಗಿ—”

“ಹೂಂ!”

“ಕೊನೇದಾಗಿ, ಕೊಟ್ಟಕೊನೇದಾಗಿ—”

“ಹೂಂ! ಹೂಂ!”

ಶಾಂಭವಿ ಹಣೆ ಹಿಡಿದುಕೊಂಡಳು. ಅವಳು ನೀರೆರೆದದ್ದು ಮುಗಿಸುವುದಕ್ಕಲ್ಲ, ಮುಗಿಸುತ್ತೇನೆ ಎನ್ನುವುದಕ್ಕೆ. ಏನಕ್ಕೆ ಕೊಟ್ಟಳೋ ಅದೇ ಬೆಳೆಯಿತು, ವಿದ್ಯೆಯಲ್ಲಿ ದೋಷವಿರಲಿಲ್ಲ. ಮೊದಲ ವರ್ಷದ ವಿದ್ಯಾರ್ಥಿಯೂ ಮಾಡಬಾರದ ಈ ತಪ್ಪನ್ನು ಅವಳು ಭವನ ತುಂಬಿದ ತಜ್ಞರ ನಡುವೆ ಮಾಡಿದ್ದಳು. ನಾಲ್ಕಕ್ಕೆ ಇನ್ನು ಹತ್ತು ಹನ್ನೆರಡು ನಿಮಿಷವಿತ್ತೇನೋ. ಪಕ್ಕದ ಬಾಗಿಲಿನಲ್ಲಿ ಕಾರಿನ ಚಾಲಕ ಬಂದು ನಿಂತ. ಆರತಿಯವರು ಚೀಲ ಹೆಗಲಿಗೇರಿಸಿ ಎದ್ದು ಶಾಂಭವಿಯತ್ತ ನೋಡಿ, ನನ್ನ ಕೈಯಲ್ಲೇನಿದೆ ಎನ್ನುವಂತೆ ತಲೆಯಾಡಿಸಿದರು. ಆ ತಲೆಯಾಟವನ್ನು ಕಂಡ ಸಾವಕಾರರು ಅದು ತಮಗೆಂದೇ ತಿಳಿದು ಹೊಸ ಹುರುಪು ತಾಳಿದರು.

ಹಿಂದೆ ನಿಂತ ಗುರಣ್ಣ ಅದೇ ಗಳಿಗೆಯಲ್ಲಿ ನಿರ್ಮಲಾಗೆ ಹೇಳಿದನಂತೆ: “ಗೋಳಗುಮ್ಮಟ ಸೈತ ಏಳ ಸಲ ಅಂದು ಸುಮ್ಮನಾಗ್ತದ್ರಿ ಅಕ್ಕಾ. ಈ ಮನಶ್ಯಾ ಆಗವಲ್ಲ.”

“ಕೊನೇದಾಗಿ ಒಂದು ಮಾತ್ರೀ,” ಎಂದರು ಸಾವಕಾರರು, “ಹೂಂ ಕೇಳಿದ ಮ್ಯಾಲೆ ನೆನಪಾತು. ಎಷ್ಟ ವರ್ಸಾಗಿತ್ತು ಈ ನಮೂನಿ ಹೂಂ ಕೇಳಿ! ಜೈನಾಪುರದಾಗ ನಮ್ಮ ಅಜ್ಜಿ ಇದ್ಲು. ಸಂಜಿಮುಂದ ಕತಿ ಹೇಳಾಕಿ. ಹೂಂ ಅನ್ನಾಂವ ನಾನs. ಕಣ್ಣು ಎಳದು ನನ್ನ ಹೂಂ ನಿಂತ್ವು ಅಂದ್ರ ಮುಗೀತು, ಅಜ್ಜಿ ಕತಿ ಅಲ್ಲೇ ಬಿಟ್ಟು ಎದ್ದ ಹೋಗಾಕಿ. ಮುಂದೇನಾತು ಅಂತ ಆಕಿ ಸೆರಗ ಹಿಡದು ಹಿಂದ ಓಡ್ತಿದ್ನಿ ನಾ!” ಅವರ ದನಿ ಅಂದು ಮೊದಲ ಸಲ ತಾನಾಗಿಯೇ ತಗ್ಗಿತು. ಮರುಗಳಿಗೆ ಏರಿತು. “ಇವತ್ತ ಅಂಥಾ ಕತಿ ಹೇಳಾವ್ರು ಯಾರದಾರ? ನಾ ಕೇಳ್ತೀನಿ, ಈ ದುನಿಯಾದಾಗ ಕತಿ ಹೇಳಾವ್ರು ಯಾರದಾರ?”

ಅದು ಉತ್ತರ ಬಯಸಿ ಕೇಳಿದ ಪ್ರಶ್ನೆಯಲ್ಲ. ಆದರೆ ಅಜ್ಜಿಯ ಕತೆ ಕೇಳುತ್ತಿದ್ದಂತೆಯೇ ಶಾಂಭವಿಗೆ ತನ್ನ ದಾರಿ ಕಂಡಿತ್ತು. ಇಷ್ಟು ಹೊತ್ತು ಎಲ್ಲರೂ ಈ ಮನುಷ್ಯನ ಬಾಯಿ ಮುಚ್ಚಿಸುವುದನ್ನೇ ನೋಡಿದ್ದರು. ಅವರಿಗೆ ಕಿವಿಗಳೂ ಇವೆಯೆಂದು ಯಾರೂ ನೆನೆದಿರಲಿಲ್ಲ.

“ನಾ ಅದೀನ್ರಿ,” ಎಂದು ಶಾಂಭವಿ ಎದ್ದು ನಿಂತಳು.

ಕಲ್ಲಾಗಿದ್ದ ಸಭೆ ಕತ್ತು ತಿರುಗಿಸಿತು. ಸಾವಕಾರರ ಬಾಯಿ ತೆರೆದೇ ಇತ್ತು. ಶಾಂಭವಿ ಲ್ಯಾಪ್‌ಟಾಪಿನ ಗೊಡವೆಗೇ ಹೋಗದೆ ಸಾಲುಗಳ ನಡುವಿನ ದಾರಿಯಲ್ಲಿ ನಿಂತು, ಅತ್ತೆಯ ಧಾಟಿಯಲ್ಲಿ ಶುರುಮಾಡಿದಳು:

“ಒಂದೂರಾಗ ಒಬ್ಬಾಕಿ ಹುಡುಗಿ ಇದ್ಲು.”

“ಹೂಂ,” ಎಂದಳು ಗುರುಸಿದ್ದವ್ವ. ಒಂದು ಬಾಯಿಯ ಹೂಂ ಒಮ್ಮೆಗೆ ಒಂದೇ ಕತೆಗೆ ಸಲ್ಲುವಂಥದು. ಹೊಸ ಕತೆ ಎದ್ದಾಗ ಅದು ಸಾವಕಾರರನ್ನು ಬಿಟ್ಟು ಸೊಸೆಯ ಕಡೆ ಬಂದುಬಿಟ್ಟಿತು.

“ಊರು ಹೊನವಾಡ. ಹುಡುಗಿ ಹೆಸರು ಪೀರಾಂಬಿ.”

“ಹೂಂ.”

“ವಯಸ್ಸು ಆರಾದ್ರೂ ಬಾಯಾಗಿಂದ ಒಂದು ಮಾತು ಬಂದಿದ್ದಿಲ್ಲ. ಕರದ್ರ ಹೊಳ್ಳಿ ನೋಡ್ತಿದ್ದಿಲ್ಲ. ಹಸಿವಾದ್ರ ಗ್ವಾಡಿಗೆ ತಲಿ ಹೊಡಕೋತಿದ್ಲು. ಆಕಿಗೆ ಮಾತು ಕಲಸಾಕಂತ ಒಬ್ಬಾಕಿ ಟೀಚರ್ ಬಂದ್ಲು. ಭಾಳ ಓದಿದಾಕಿ, ಭಾಳ ಶಾಣ್ಯಾಕಿ.” ಇಲ್ಲಿ ಶಾಂಭವಿ ತನ್ನ ಎದೆಯ ಮೇಲೆ ಕೈಯಿಟ್ಟು ತೋರಿಸಿದಳು, ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. “ಆಕಿ ಏನ ಮಾಡಿದ್ಲು? ದನಿ ತಗದ್ರ ಇದನ್ನ ಕೊಡ್ತೀನಿ ಅಂತ ಆ ಹುಡುಗಿ ಮುಂದ ಒಣದ್ರಾಕ್ಷಿ ಹಿಡದ್ಲು.”

“ಹೊನವಾಡದ ಹುಡುಗಿಗೆ?” ಎಂದು ಸಾವಕಾರರು ಮೈಕಿನಲ್ಲೇ ಉದ್ಗರಿಸಿದರು. “ಒಣದ್ರಾಕ್ಷಿ? ಆಕಿ ಹಾಸಿಗ್ಯಾಗನs ಸಿಗತಾವಲ್ರಿ ಅವು!”

“ಹೌದ್ರಿ. ಹುಡುಗಿ ಒಂದು ತಗೊಂಡು ಟೀಚರ್ ಕಿವಿಯಾಗ ಇಟ್ಲು.”

ಭವನ ಗೊಳ್ಳೆಂದಿತು. ನಗಬಾರದೆಂಬ ಸೂಚನೆ ಯಾರಿಗೂ ನೆನಪಾಗಲಿಲ್ಲ. ಬಾಗಿಲಿನ ಬಳಿ ಆರತಿಯವರು ನಡೆಯುವುದನ್ನು ಮರೆತು ನಿಂತಿದ್ದರು.

“ಬಿಸ್ಕೀಟು, ಬಲೂನು, ಗಿಲಗಂಚಿ, ಎಲ್ಲಾ ಆತ್ರಿ. ಏನೂ ನಡೀಲಿಲ್ಲ. ಟೀಚರಿಗೆ ಒಬ್ಬಾಕಿ ಅತ್ತಿ ಇದ್ಲು.”

“ಹೂಂ,” ಎಂದಳು ಗುರುಸಿದ್ದವ್ವ, ಹೆಚ್ಚು ಗತ್ತಿನಿಂದ.

“ಸಂಜಿ ಬಸ್ಸಿನ ತನಕ ಆಕಿ ಅದs ಖೋಲ್ಯಾಗ ಕುಂತು ತಾಯಂದಿರಿಗೆ ಕತಿ ಹೇಳ್ತಿದ್ಲು. ಒಂದಿನ ಕತ್ಯಾಗ ನರಿ ಹ್ವಾದದ್ದು ಹುಲಿ ಗವಿಯೊಳಗ. ಹೂಂ ಅನ್ನಾಕಿ ಒಬ್ಬಾಕಿ ತಾಯಿ. ದಣದ ಜೀವ, ಕಣ್ಣ ಎಳದ್ವು. ಹೂಂ ನಿಂತ್ವು.”

“ಹೂಂ.”

“ಹೂಂ ನಿಂತ ಮ್ಯಾಲೆ ಅತ್ತಿ ಕತಿ ನಿಲ್ಲಿಸಿದ್ಲು. ನರಿ ಗವಿಯೊಳಗ. ಹುಲಿ ಬಾಗಲದಾಗ. ಖೋಲಿ ತುಂಬ ಸುಮ್ಮನs ಸುಮ್ಮನು. ಯಾರೂ ಏನೂ ಅನವಲ್ರು.”

ಇಷ್ಟು ಹೇಳಿ ಶಾಂಭವಿ ಬಾಯಿ ಮುಚ್ಚಿ ನಿಂತಳು.

ಗುರುಸಿದ್ದವ್ವನ ತುಟಿ ಅಭ್ಯಾಸದಿಂದ ತೆರೆಯಿತು. ಆದರೆ ಆ ದಿನ ಆ ಕೋಣೆಯಲ್ಲಿ ಕತೆ ಹೇಳುತ್ತಿದ್ದವಳು ತಾನೇ. ಇಲ್ಲಿ ಬೀಳಬೇಕಾದ ಹೂಂ ತನ್ನದಲ್ಲವೆಂದು ಆಕೆಗೆ ಗೊತ್ತಿತ್ತು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಭವನದಲ್ಲಿ ಪಂಖಾದ ಸದ್ದು ಕೇಳಿಸಿತು. ಚಾಲಕ ಕಾರಿನ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದ. ಶಾಂಭವಿ ಯಾರನ್ನೂ ನೋಡದೆ ನೆಲ ನೋಡಿದಳು. ತಿಕೋಟಾದ ಎರಡು ಕೋಣೆಗಳು ಈ ಮೌನದ ಮೇಲೆ ನಿಂತಿದ್ದವು. ತಾನು ಮಾತು ಮುಂದುವರಿಸಿದರೆ ಇದು ಬರೀ ಒಂದು ಅಡ್ಡಮಾತಾಗುತ್ತದೆ, ಸಾವಕಾರರು ಮರಳಿ ಕೊನೆಯದಾಗಿ ಎನ್ನುತ್ತಾರೆ. ತಡೆದುಕೊಳ್ಳಬೇಕು. ಆ ದಿನ ಕೋಣೆಯಲ್ಲಿ ಅತ್ತೆಯೂ ಹೀಗೆಯೇ ತಡೆದುಕೊಂಡಿದ್ದಳು.

ಮೈಕಿನಲ್ಲಿ ಉಸಿರಾಟ ಕೇಳಿತು. ಆಮೇಲೆ, ಸಣ್ಣದಾಗಿ, ಮೂಲೆಯಲ್ಲಿ ಕುಳಿತ ಕೂಸಿನಂತೆ:

“ಹೂಂ?”

ಸಾವಕಾರರೇ! ಅವರ ಎರಡೂ ಕೈ ಮೈಕಿನ ಕಂಬವನ್ನು ಹಿಡಿದಿದ್ದವು. ಕಣ್ಣು ಹುಲಿಯ ಗವಿಯೊಳಗಿದ್ದವು.

“ಹಿಂಗs ಅಂದ್ಲು ನೋಡ್ರಿ!” ಎಂದಳು ಶಾಂಭವಿ. “ಹಿಂಗs. ಮೂಲ್ಯಾಗಿಂದ ಪೀರಾಂಬಿ, ಹೂಂ ಅಂದ್ಲು. ಹುಟ್ಟಿದಾಗಿಂದ ಅದs ಮೊದಲ. ನರಿ ಗವಿಯಿಂದ ಹೊರಗ ಬಂತು!”

“ಬಂತಾ?” ಎಂದರು ಸಾವಕಾರರು. “ಬಂತಲ್ಲ? ಮುಂದ?”

ಹೂಂ ಅಂದವನು ಕೇಳುಗ, ಕೇಳುಗನಾದವನು ನಿಂತಿರಲಾಗದು. ಸಾವಕಾರರು ಕೈಯಿಂದ ಹಿಂದೆ ತಡವರಿಸಿ ಕುರ್ಚಿ ಹುಡುಕಿ, ಶಾಲು ಮಡಿಲಿಗೆ ಎಳೆದುಕೊಂಡು ಕುಳಿತುಬಿಟ್ಟರು. ಹೊನವಾಡದಲ್ಲಿ ಹೇಳುವವರು ಅವರು ಕಾಲು ಮಡಚಿ ವೇದಿಕೆಯ ನೆಲದ ಮೇಲೆಯೇ ಕುಳಿತರು ಎನ್ನುತ್ತಾರೆ. ಗುರಣ್ಣ ಅದನ್ನು ಒಪ್ಪುವುದಿಲ್ಲ. ಕುರ್ಚಿ ಕಿರ್ರೆಂದದ್ದನ್ನು ತನ್ನ ಮೈಕಿನಲ್ಲಿ ಕೇಳಿದ್ದೇನೆ ಎನ್ನುತ್ತಾನೆ.

ಆರತಿಯವರು ಚೀಲವನ್ನು ಹೆಗಲಿನಿಂದ ಇಳಿಸಿದರು. ಚಾಲಕ ಗಡಿಯಾರ ತೋರಿಸಿದ. “ಥಾಂಬರೋ, ತಡಿ,” ಎಂದು ಅವನನ್ನು ಗದರಿ, ಹತ್ತಿರದ ಖಾಲಿ ಕುರ್ಚಿಯಲ್ಲಿ ಕುಳಿತರು.

ಉಳಿದದ್ದನ್ನು ಶಾಂಭವಿ ಒಂದೇ ಉಸಿರಿನಲ್ಲಿ ಎಂಬಂತೆ ಹೇಳಿದಳು. ತನ್ನ ಒಂದು ದನಿಯಿಂದ ನಿಂತ ಲೋಕ ಚಲಿಸುತ್ತದೆಂದು ಪೀರಾಂಬಿಗೆ ಅಂದು ಗೊತ್ತಾಯಿತು. ದ್ರಾಕ್ಷಿಗೂ ಬಿಸ್ಕತ್ತಿಗೂ ಇಲ್ಲದ ರುಚಿ ಮುಂದಿನ ಕತೆಗಿತ್ತು. ಮರುದಿನದಿಂದ ಗುರುಸಿದ್ದವ್ವ ಬೇಕೆಂದೇ ಕತೆ ನಿಲ್ಲಿಸುತ್ತ ಹೋದಳು, ಶಾಂಭವಿ ನಿಲ್ಲಿಸುವ ಜಾಗಗಳನ್ನು ಆರಿಸುತ್ತ ಹೋದಳು. ಮೊದಮೊದಲು ಹೂಂ ಸಾಕಾಗುತ್ತಿತ್ತು. ಆಮೇಲೆ ‘ಮುಂದ’ ಎನ್ನದೆ ಕತೆ ಕದಲಲಿಲ್ಲ. ಆಮೇಲೆ ಯಾರು ಬಂದರೆಂದು ಹುಡುಗಿಯೇ ಹೇಳಬೇಕಾಯಿತು: ನರಿ, ಹುಲಿ, ಅಜ್ಜಿ. ತಾಯಿಗೂ ಹಾಗೆಯೇ ನಿಲ್ಲಿಸಿ ಹೇಳಲು ಕಲಿಸಿದ್ದಾಯಿತು. ಹಸಿವಾದಾಗ ಗೋಡೆಗೆ ತಲೆ ಬಡಿಯುತ್ತಿದ್ದವಳು ಈಗ ರೊಟ್ಟಿ ಕೇಳುತ್ತಾಳೆ. ಪ್ರತಿ ಹೆಜ್ಜೆಗೂ ವೇದಿಕೆಯಿಂದ ಒಂದು ಹೂಂ, ಮೊದಲ ಸಾಲಿನಿಂದ ಒಂದು ಹೂಂ. ಕೊನೆಕೊನೆಗೆ ಕಲಬುರಗಿಯವರೂ ಹೂಂ ಎನ್ನುತ್ತಿದ್ದರು.

ಪ್ರಶ್ನೆ ಕೇಳಿದವರು ಆರತಿಯವರೊಬ್ಬರೇ. “ಶಾಂಭವಿ, ಕತಿ ಸಲುವಾಗಿ ದನಿ ಬಂತು, ಖರೆ. ಕತಿ ಬ್ಯಾಡಾದಾಗ ಏನ ಮಾಡ್ತಾಳ? ಮತ್ತ ಗ್ವಾಡಿನs ಏನು?”

“ಇಲ್ರಿ ಮೇಡಂ. ‘ಸಾಕು’ ಅನ್ನೂದು ಕಲಿಸೇವಿ. ಆಕಿ ಸಾಕು ಅಂದ್ರ ನಮ್ಮತ್ತಿ ಅಲ್ಲೇ ನಿಲ್ಲಸಬೇಕು. ನರಿ ಎಲ್ಲೇ ಇರಲಿ.”

“ನಿಲ್ಲಸ್ತಾರ?”

“ಆಕಿ ಒಬ್ಬಾಕಿಗಷ್ಟ ನಿಲ್ಲಸ್ತೀನ್ರಿ,” ಎಂದಳು ಗುರುಸಿದ್ದವ್ವ.

ಆರತಿಯವರು ನಗುತ್ತ ಎದ್ದರು. “ತಿಕೋಟಾ ಇನ್ನ ನಿಮ್ಮದು, ಶಾಂಭವಿ. ನನಗಿಂತ ಛಲೋ ನಡಸ್ತೀರಿ. ಆದ್ರ ಆ ‘ಕೊನೇದಾಗಿ’ ಉಪಾಯ ಯಾರದು?”

ಶಾಂಭವಿ ನೆಲ ನೋಡಿದಳು. “ನಂದs ರಿ.”

“ಅದನ್ನೂ ಮುಂದಿನ ವರ್ಷ ಮಂಡಿಸ್ರಿ. ಹೆಂಗ ಮಾಡಬಾರದು ಅಂತ ಎಲ್ಲಾರಿಗೂ ಗೊತ್ತಾಗ್ಲಿ.” ಎಂದು ಹೇಳಿ ಕಾರು ಹತ್ತಿದರು. ರೈಲು ಸಿಕ್ಕಿತೆಂದು ಬಬಲೇಶ್ವರದವರು, ತಪ್ಪಿತೆಂದು ಜೈನಾಪುರದವರು. ಗುರಣ್ಣನಿಗೆ ಗೊತ್ತಿಲ್ಲ, ಅವನು ತಂತಿ ಸುತ್ತುತ್ತಿದ್ದ.

ಸಾವಕಾರರು ಮತ್ತೆ ಮೈಕಿನ ಬಳಿ ಹೋಗಲಿಲ್ಲ. ವೇದಿಕೆಯಿಂದ ಇಳಿದು ಗುರುಸಿದ್ದವ್ವನ ಮುಂದೆ ನಿಂತು, “ಬೇ ಅವ್ವಾ, ಆ ನರಿ... ಹುಲಿ ಬಾಗಲದಾಗ ಇತ್ತಲ್ಲ, ಹೆಂಗ ಹೊರಗ ಬಂತು?” ಎಂದು ಕೇಳಿದರು. ಶಾಂಭವಿ ಅದನ್ನು ಹೇಳದೆ ದಾಟಿಸಿಬಿಟ್ಟಿದ್ದಳು.

“ತಿಕೋಟಾಕ್ಕ ಬರ್ರಿ,” ಎಂದಳು ಗುರುಸಿದ್ದವ್ವ. “ಪೀರಾಂಬಿ ಬಾಜೂಕ ಕುಂತು ಹೂಂ ಅನ್ನೂದಿದ್ರ ಹೇಳ್ತೀನಿ.”

ಗುರಣ್ಣ ಇಲ್ಲಿಗೆ ನಿಲ್ಲಿಸಿದ. ಶೆಡ್ಡಿನ ಮುಂದೆ ಕುಳಿತವರು ಕಾದರು.

“ಬಂದ್ರೇನು ಸಾವಕಾರ್ರು?” ಎಂದು ಕೇಳಿದಳು ಸೋನಾಬಾಯಿ, ದ್ರಾಕ್ಷಿ ಆರಿಸುವವರ ಪೈಕಿ ಒಬ್ಬಳು.

ಗುರಣ್ಣ ಶಿವಾಜಿಯತ್ತ ಬೊಟ್ಟು ಮಾಡಿದ. ಟೆಂಪೋದ ಗಾಲಿಗೆ ಒರಗಿದ ಶಿವಾಜಿ ಯಾವಾಗಲೋ ನಿದ್ದೆ ಹೋಗಿದ್ದ. ಅವನ ಬಾಯಿಯಿಂದ ಹೂಂ ಬರುವುದು ನಿಂತು ಬಹಳ ಹೊತ್ತಾಗಿತ್ತು.

“ಇಷ್ಟೊತ್ತು ಹೂಂ ಇಲ್ದs ಬಿಟ್ಟೀ ಹೇಳೇನಿ,” ಎಂದ ಗುರಣ್ಣ. “ಇನ್ನ ಆಗಂಗಿಲ್ಲ.”

ಹೆಂಗಸರು ಶಿವಾಜಿಯನ್ನು ಬೈದರು, ಸೀರೆಗೆ ಅಂಟಿದ ಕಡ್ಡಿ ಕೊಡವಿಕೊಂಡರು, ಬುತ್ತಿಯ ಡಬ್ಬಿಗಳನ್ನು ಎತ್ತಿಕೊಂಡು ಎದ್ದು ಮನೆಯ ದಾರಿ ಹಿಡಿದರು. ಶಿವಾಜಿಯನ್ನು ಮಾತ್ರ ಯಾರೂ ಎಬ್ಬಿಸಲಿಲ್ಲ.